ಎರಡನೆಯ ಈಡು, ಮೂರನೆಯ ಈಡು

ಜೋಡಿನಳಿಗೆ ರೈಫಲ್ ಕೊಂಡ ದಿನ ನನಗೆ ಬುದ್ಧಿ ಇರಲಿಲ್ಲ; ಕೊಂಡ ಮೇಲೆ ದುಡ್ಡೂ ಉಳಿಯಲಿಲ್ಲ. ಆದರೂ ಅದನ್ನು ಇವತ್ತಿಗೂ ಮಾರಿಲ್ಲ. ಹಾಗಂತ ದಿನಾ ಹೆಗಲ ಮೇಲೆ ಹೊತ್ತು ನಡೆಯುವುದು ಅದನ್ನಲ್ಲ, ಪ್ರತಿ ಈಡಿಗೂ ಕೈಯಿಂದ ಚಿಲಕ ಎಳೆಯಬೇಕಾದ ಒಂಟಿನಳಿಗೆಯ ಬೋಲ್ಟ್ ರೈಫಲನ್ನು. ಈ ಎಡವಟ್ಟಿನ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಜಿಂಬಾಬ್ವೆಯ ಜಾಂಬೆಜಿ ಕಣಿವೆಯಲ್ಲಿ. ಲಿಖಿತ ಪರೀಕ್ಷೆ ಬರೆದು, ವರ್ಷಗಟ್ಟಲೆ ಒಬ್ಬ ಹಿರಿಯರ ಕೈಕೆಳಗೆ ಪಳಗಿ, ಕೊನೆಗೆ ಶೂಟಿಂಗ್ ಪರೀಕ್ಷೆಯನ್ನೂ ದಾಟಿ ಪರವಾನಗಿ ಪಡೆದ ಶಿಕಾರಿ ಗೈಡ್. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿ ಮುಗಿದ ಅಧ್ಯಾಯ. ಕೆನ್ಯಾ 1977ರಲ್ಲಿ ನಿಲ್ಲಿಸಿತು. ಇಲ್ಲಿ ಕೋಟಾ ಇಟ್ಟು, ಶುಲ್ಕ ಕಟ್ಟಿಸಿಕೊಂಡು ಬಿಡುತ್ತಾರೆ. ಸರಿಯೋ ತಪ್ಪೋ ಎಂಬ ಜಗಳ ಬೇರೆ, ಅದನ್ನು ಈ ಬರಹಕ್ಕೆ ಎಳೆದು ತರುವುದಿಲ್ಲ. ಮೊದಲ ಈಡು ಹೊಡೆಯುವುದು ದುಡ್ಡು ಕೊಟ್ಟು ಶಿಕಾರಿಗೆ ಬಂದ ಕ್ಲೈಂಟ್. ಅದು ಸರಿಯಾಗಿ ಬಿದ್ದರೆ ನನ್ನ ರೈಫಲಿಗೆ ಕೆಲಸವೇ ಇಲ್ಲ. ಸರಿಯಾಗಿ ಬೀಳದಿದ್ದರೆ ಆಮೇಲಿನದೆಲ್ಲ ನನ್ನ ತಲೆ ಮೇಲೆ. ರೈಫಲ್ ಆರಿಸುವ ಮಾತಿನಲ್ಲಿ ಎಲ್ಲರೂ ಮರೆಯುವುದು ಇದನ್ನೇ: ನೀನು ಹೊಡೆಯುವುದು ಮೊದಲನೆಯ ಈಡೋ, ಕೊನೆಯದೋ?

ಇನ್ನೊಂದು ಗೊಂದಲ ತೀರಿಸಿಬಿಡುತ್ತೇನೆ. ಜೋಡಿನಳಿಗೆ ಎಂದ ಕೂಡಲೇ ಚರೆ ಹಾರಿಸುವ ಕೋವಿ ಕಣ್ಣಿಗೆ ಬರುತ್ತದೆ. ಡಬಲ್ ರೈಫಲ್ ನೋಡಲು ಹಾಗೇ ಇದ್ದರೂ ಅದರ ಎರಡೂ ನಳಿಗೆಗಳ ಒಳಗೆ ಸುರುಳಿ ಗೆರೆಗಳಿರುತ್ತವೆ, ಹಾರುವುದು ಒಂದೊಂದೇ ದಪ್ಪ ಗುಂಡು. ಎರಡು ಟ್ರಿಗರ್: ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ನನ್ನದರಂಥ ಎರಡು ಟ್ರಿಗರಿನ ರೈಫಲಿನಲ್ಲಿ ಒಳಗಿನ ಯಂತ್ರವೂ ಎರಡು. ಒಂದು ಕೈಕೊಟ್ಟರೂ ಇನ್ನೊಂದು ಉಳಿದಿರುತ್ತದೆ. ಅಂದರೆ ಒಂದೇ ಮರಕ್ಕೆ ಕೂರಿಸಿದ ಎರಡು ರೈಫಲು.

ನಾನು ಕಲಿಯುವಾಗ ಕೈಗೆ ಬಂದದ್ದು ಹಳೆಯ ಸಿಝಡ್ 550, .416 ರಿಗ್ಬಿ (ಚುಕ್ಕಿಯ ಮುಂದಿನ ಅಂಕಿ ಗುಂಡಿನ ಸುಮಾರು ಅಡ್ಡಳತೆ, ಇಂಚಿನಲ್ಲಿ; ರಿಗ್ಬಿ ಎಂಬುದು ಆ ತೋಟಾ ರೂಪಿಸಿದ ಕೋವಿ ತಯಾರಕರ ಹೆಸರು). ಝೆಕ್ ದೇಶದ್ದು, ಕಬ್ಬಿಣದ ಹಾರೆಯಂಥ ರೈಫಲ್. ಮ್ಯಾಗಜೀನಿನ ಗೂಡಿನಲ್ಲಿ ಮೂರು ತೋಟಾ, ನಳಿಗೆಯ ಬುಡದ ಚೇಂಬರಿನಲ್ಲಿ ಒಂದು. ಬೋಲ್ಟ್ ಎಂದರೆ ಬಾಗಿಲ ಚಿಲಕವೇ: ಎತ್ತು, ಎಳೆ, ತಳ್ಳು, ಒತ್ತು. ಒಳಗೆ 1898ರ ಮೌಸರ್ ಪದ್ಧತಿಯ ಉದ್ದನೆಯ ಉಕ್ಕಿನ ಉಗುರು ಇದೆ. ತೋಟಾ ಮ್ಯಾಗಜೀನಿನಿಂದ ಮೇಲೆ ಬರುವಾಗಲೇ ಅದರ ಅಂಚು ಈ ಉಗುರಿನಡಿ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ, ಹೊರಗೆ ಎಸೆಯುವ ತನಕ, ಉಗುರು ಅದನ್ನು ಬಿಡುವುದಿಲ್ಲ. ಅರ್ಧ ತಳ್ಳಿ ಗಾಬರಿಯಲ್ಲಿ ಮತ್ತೆ ಪೂರ್ತಿ ಹಿಂದಕ್ಕೆಳೆದರೂ ತೋಟಾ ಬೋಲ್ಟಿನ ಜೊತೆಗೇ ಬಂದು ಹೊರಗೆ ಬೀಳುತ್ತದೆ. ಉಗುರಿಲ್ಲದೆ ಬರೀ ತಳ್ಳುವ ರೈಫಲುಗಳಲ್ಲಿ ಆ ತೋಟಾ ಅನಾಥವಾಗಿ ಮುಂದೆಯೇ ಉಳಿದು, ಎರಡನೆಯದು ಅದರ ಬೆನ್ನಿಗೆ ಗುದ್ದಿ ಸಿಕ್ಕಿಕೊಳ್ಳಬಹುದು. ಗುರಿ ಮೈದಾನದಲ್ಲಿ ಇದು ನಗುವ ವಿಷಯ.

ಬೋಲ್ಟಿನ ದೊಡ್ಡ ಶತ್ರು ಯಂತ್ರದೋಷವಲ್ಲ, ಅರ್ಧ ಎಳೆಯುವ ಕೈ. .416 ರಿಗ್ಬಿ ತೋಟಾ ಸುಮಾರು 95 ಮಿಲಿಮೀಟರ್ ಉದ್ದ. ಅದನ್ನು ಹೊರಹಾಕಲು ಬೋಲ್ಟ್ ತುಂಬ ಹಿಂದೆ ಬರಬೇಕು. ಜಿಂಕೆಯ ಚಿಕ್ಕ ರೈಫಲಿಗೆ ಒಗ್ಗಿದ ಕೈ ಮುಕ್ಕಾಲು ಎಳೆದು 'ಆಯಿತು' ಅಂದುಕೊಂಡು ಮುಂದಕ್ಕೆ ತಳ್ಳಿಬಿಡುತ್ತದೆ. ಖಾಲಿ ಕೊಳವೆ ಮತ್ತೆ ಒಳಗೆ. ಟ್ರಿಗರ್ ಒತ್ತಿದರೆ 'ಕ್ಲಿಕ್'. ಆ ಸಣ್ಣ ಸದ್ದನ್ನು ಕ್ಲೈಂಟುಗಳ ಪಕ್ಕದಲ್ಲಿ ನಿಂತು ಮೂರು ಸಲ ಕೇಳಿದ್ದೇನೆ. ಢಂ ಅನ್ನುವುದಕ್ಕಿಂತ ಜೋರಾಗಿ ಕೇಳಿಸುತ್ತದೆ.

ನನ್ನ ತೊಂದರೆ ಇನ್ನೊಂದಿತ್ತು. ನಾನು ಎಡಚ. ಸಿಝಡ್‌ನ ಬೋಲ್ಟ್ ಬಲಗಡೆ. ಪ್ರತಿ ಈಡಿಗೂ ಎಡಗೈಯನ್ನು ಹಿಡಿಯಿಂದ ತೆಗೆದು, ರೈಫಲಿನ ಮೇಲಿಂದ ಆಚೆ ದಾಟಿಸಿ, ಎಳೆದು ತಳ್ಳಿ ವಾಪಸು ತರಬೇಕು. ಆ ಹೊತ್ತಿನಲ್ಲಿ ಮೊಣಕೈ ಕಣ್ಣಿಗೆ ಅಡ್ಡ. ಸ್ವಂತ ಕೈಯೇ ಮುಂದಿರುವ ಪ್ರಾಣಿಯನ್ನು ಮರೆಮಾಡುತ್ತದೆ. ಗುರುಗಳು ಒಂದು ದಿನ ನೋಡಿ, "ನೀನು ರೈಫಲ್ ಹೊಡೀತಿದ್ದೀಯೋ, ಅದಕ್ಕೆ ಅಂಗಿ ತೊಡಿಸ್ತಿದ್ದೀಯೋ?" ಎಂದರು. ಅವತ್ತೇ ಡಬಲ್ ಹುಚ್ಚು ಹತ್ತಿತು. ಡಬಲಿಗೆ ಎಡ ಬಲ ಇಲ್ಲವಲ್ಲ! ಪೂರ್ತಿ ನಿಜವಲ್ಲ ಅದು. ಹಿಂದಿನ ಮರವನ್ನು ಬಲಗೈಯವರಿಗಾಗಿ ಕೊಂಚ ಓರೆ ಮಾಡಿರುತ್ತಾರೆ. ನನಗೆ ಸಿಕ್ಕಿದ್ದು ಅದೃಷ್ಟಕ್ಕೆ ನೆಟ್ಟಗಿತ್ತು.

ಸಿಕ್ಕಿದ್ದು .470 ನೈಟ್ರೋ ಎಕ್ಸ್‌ಪ್ರೆಸ್, ಸೆಕೆಂಡ್ ಹ್ಯಾಂಡ್. ಆ ದುಡ್ಡಿಗೆ ಒಳ್ಳೆಯ ಬೋಲ್ಟ್ ರೈಫಲ್ ನಾಲ್ಕೈದು ಬರುತ್ತಿದ್ದವು. ಈ .470ಕ್ಕೂ ಭಾರತಕ್ಕೂ ಒಂದು ನಂಟಿದೆ. ಮೊದಲು ಎಲ್ಲರೂ ಮೆಚ್ಚಿದ್ದು 1898ರ ರಿಗ್ಬಿಯವರ .450. ಬಂಡಾಯಗಾರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ ಹೆನ್ರಿ ರೈಫಲುಗಳಿಗೆ ಅದೇ ಅಳತೆಯ ಮದ್ದುಗುಂಡು ಸಿಗಬಾರದೆಂದು ಬ್ರಿಟಿಷರು 1907ರಲ್ಲಿ ಭಾರತ ಮತ್ತು ಸೂಡಾನಿನಲ್ಲಿ .450ನ್ನು ನಿಷೇಧಿಸಿದರು. ಕೋವಿ ಮಾಡುವವರು ಅಳತೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿ .465, .470, .475 ಎಂದು ಮಾರಿದರು. ಕಾನೂನಿಗೂ ಸಮಾಧಾನ, ಶಿಕಾರಿಗೂ ಸಮಾಧಾನ.

ಹೊಡೆತದ ಲೆಕ್ಕದಲ್ಲಿ ನನ್ನ ಎರಡು ರೈಫಲಿಗೆ ವ್ಯತ್ಯಾಸವೇ ಇಲ್ಲ. .416 ರಿಗ್ಬಿ 400 ಗ್ರೇನ್ (ಸುಮಾರು 26 ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 730 ಮೀಟರ್ ವೇಗದಲ್ಲಿ ಹಾರಿಸುತ್ತದೆ, .470 ಹಾರಿಸುವುದು 500 ಗ್ರೇನ್ (ಸುಮಾರು 32 ಗ್ರಾಂ) ಗುಂಡನ್ನು, ಸುಮಾರು 655 ಮೀಟರಿನಲ್ಲಿ. ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿ ನೋಡಿದರೆ ಎರಡೂ ಆರು ಸಾವಿರದ ಒಂಬೈನೂರು ಜೌಲ್ ಆಸುಪಾಸು. 'ಡಬಲ್ ಅಂದರೆ ಹೆಚ್ಚು ಶಕ್ತಿ' ಎನ್ನುವವರು ಈ ಗುಣಾಕಾರ ಮಾಡಿಲ್ಲ.

ತಂದ ಮೊದಲ ವಾರ ನಾನು ಮಾಡಿದ ತಪ್ಪು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ. ಪೆಟ್ಟಿಗೆಯಲ್ಲಿ ಒಂದು ಹಳದಿ ಕಾಗದವಿತ್ತು: ತಯಾರಾದಾಗ ಯಾವ ತೋಟಾದಿಂದ, ಎಷ್ಟು ದೂರಕ್ಕೆ ಹೊಡೆದು ಹೊಂದಿಸಿದ್ದು ಎಂಬ ವಿವರ, ನಾಲ್ಕು ತೂತು. ಅದನ್ನು ಓದದೆ, ಅಗ್ಗಕ್ಕೆ ಸಿಕ್ಕಿತೆಂದು ಬೇರೆ ತೋಟಾ ಕೊಂಡೆ. ಐವತ್ತು ಮೀಟರಿನಲ್ಲಿ ಬಲ ನಳಿಗೆಯ ಗುಂಡು ಬಲಕ್ಕೆ, ಎಡದ್ದು ಎಡಕ್ಕೆ. ನಡುವೆ ಒಂದು ಗೇಣು ಅಂತರ. ರೈಫಲ್ ಹಾಳಾಗಿದೆ, ಮೋಸ ಹೋದೆ ಎಂದು ಎದೆ ಧಸಕ್ಕೆಂದಿತು. ಗುರುಗಳು ಕಾಗದ ಓದಿ, ತೋಟಾ ಪೆಟ್ಟಿಗೆ ಓದಿ, ಎರಡನ್ನೂ ನನ್ನ ಕೈಗಿಟ್ಟು ಸುಮ್ಮನೆ ಹೋದರು.

ಸಂಗತಿ ಇಷ್ಟು. ಡಬಲಿನ ಎರಡು ನಳಿಗೆಗಳು ಸಮಾನಾಂತರವಾಗಿರುವುದಿಲ್ಲ, ತುದಿಯಲ್ಲಿ ಒಂದನ್ನೊಂದು ಸ್ವಲ್ಪ ಸಮೀಪಿಸುತ್ತವೆ. ಬಲ ನಳಿಗೆ ಹಾರಿದಾಗ ರೈಫಲ್ ಮೇಲಕ್ಕೂ ಬಲಕ್ಕೂ ಒದೆಯುತ್ತದೆ, ಎಡದ್ದು ಎಡಕ್ಕೆ. ಗುಂಡು ನಳಿಗೆಯೊಳಗೆ ಇರುವಾಗಲೇ ಈ ಒದೆತ ಶುರುವಾಗಿರುತ್ತದೆ. ಅದನ್ನು ಲೆಕ್ಕಕ್ಕಿಟ್ಟು ಕುಶಲಕರ್ಮಿ ಹೊಡೆದು ನೋಡಿ, ಬೆಸುಗೆ ಕಾಯಿಸಿ ಕದಲಿಸಿ, ಮತ್ತೆ ಹೊಡೆದು ನೋಡಿ ಹೊಂದಿಸುತ್ತಾನೆ. ಅದು ಒಂದು ಗುಂಡಿಗೆ, ಒಂದು ವೇಗಕ್ಕೆ ಮಾತ್ರ. ನಿಧಾನದ ತೋಟಾ ಹಾಕಿದರೆ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇದ್ದು ಎರಡೂ ದೂರ ಸರಿಯುತ್ತವೆ. ವೇಗದ್ದು ಹಾಕಿದರೆ ಒಂದನ್ನೊಂದು ದಾಟುತ್ತವೆ. ಹಳೆಯ ಕಾರ್ಡೈಟ್ ಮದ್ದಿನ ಕಾಲದಲ್ಲಿ ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿದ್ದದ್ದು ಉಷ್ಣ ದೇಶದ ಬಿಸಿಲಲ್ಲಿ ಕೆಡುತ್ತಿತ್ತು, ಅದಕ್ಕೇ ಉಷ್ಣವಲಯದ ತೋಟಾ ಅಂತಲೇ ಬೇರೆ ಮಾಡುತ್ತಿದ್ದರು. ಬೋಲ್ಟ್ ರೈಫಲಿಗೆ ಹೊಸ ತೋಟಾ ಹಾಕಿದರೆ ದೂರದರ್ಶಕದ ತಿರುಪು ನಾಲ್ಕು ಸಲ ತಿರುಗಿಸಿದರೆ ಮುಗಿಯಿತು. ಡಬಲಿಗೆ ಅದು ತಿಂದ ಅನ್ನವನ್ನೇ ಕೊಡಬೇಕು.

ಎರಡನೇ ಪಾಠ ಭುಜಕ್ಕೆ. ಒಂದು ಬೆಳಿಗ್ಗೆ ಮುಂದಿನ ಟ್ರಿಗರ್ ಒತ್ತಿದೆ, ಎರಡು ನಳಿಗೆಗಳೂ ಒಟ್ಟಿಗೆ ಹಾರಿದವು. ರೈಫಲ್ ಕೈಬಿಟ್ಟು ಹೋಗಲಿಲ್ಲ ಅಷ್ಟೇ. ಎಡ ಭುಜ ವಾರವಿಡೀ ನೇರಳೆ ಹಣ್ಣಿನ ಬಣ್ಣ. ಬಿಚ್ಚಿ ನೋಡಿದರೆ ಕುದುರೆಯನ್ನು, ಅಂದರೆ ತೋಟಾ ಸಿಡಿಸುವ ಸುತ್ತಿಗೆಯನ್ನು, ತಡೆದಿಡುವ ಕೊಕ್ಕೆ ಸವೆದಿತ್ತು; ಮೊದಲ ಒದೆತಕ್ಕೇ ಎರಡನೆಯದು ಜಾರಿಬಿಟ್ಟಿತ್ತು. ಹಳೆಯ ಡಬಲ್ ಕೊಳ್ಳುವವರು ಇದನ್ನು ಪರಿಣತನ ಕೈಲಿ ಪರೀಕ್ಷೆ ಮಾಡಿಸಿಯೇ ದುಡ್ಡು ಕೊಡಬೇಕು. ಇನ್ನೂ ಒಂದು ಸಂಗತಿ: ತೆರೆದು ಮುಚ್ಚಿದಾಗ ತಾನಾಗಿಯೇ ಬೀಳುವ ಸೇಫ್ಟಿ ಇದ್ದರೆ ತೆಗೆಸಿಬಿಡಿ. ಅವಸರದಲ್ಲಿ ತೋಟಾ ತುಂಬಿ ಒತ್ತಿದಾಗ ಹಾರದ ಟ್ರಿಗರ್ ನಿಮಗೆ ಬೇಡ.

ಇನ್ನು ಆ ಮಧ್ಯಾಹ್ನ. ಅಕ್ಟೋಬರ್, ಮಳೆಗೆ ಮುಂಚಿನ ಕಾವು. ಕ್ಲೈಂಟ್ .375 ಹಾಲೆಂಡ್ ಆಂಡ್ ಹಾಲೆಂಡ್ ಬೋಲ್ಟ್ ರೈಫಲಿನಿಂದ ಎಪ್ಪತ್ತು ಹೆಜ್ಜೆಯಲ್ಲಿ ಒಂದು ಮುದಿ ಕೋಣಕ್ಕೆ ಹೊಡೆದರು. ನಮ್ಮ ಕಾಟಿಯಲ್ಲ, ಇಲ್ಲಿಯ ಕೇಪ್ ಬಫಲೋ. ಗುಂಡು ಒಂದು ಗೇಣು ಹಿಂದೆ ಬಿತ್ತು. ಮುಕ್ಕಾಲು ಗಂಟೆ ಕಾದು ಜಾಡು ಹಿಡಿದೆವು. ಶ್ವಾಸಕೋಶದ ರಕ್ತವಾದರೆ ತಿಳಿಗೆಂಪು, ನೊರೆ ಇರುತ್ತದೆ. ಇದು ಕಪ್ಪಗಿತ್ತು, ನಡುವೆ ಅಗಿದ ಹುಲ್ಲಿನ ಹಸಿರು. ಜಾಡು ಹಿಡಿಯುವ ಸೆಕುರು (ಹಿರಿಯರನ್ನು ಇಲ್ಲಿ ಹಾಗೇ ಕರೆಯುವುದು) ಬೆರಳಿಗೆ ಹಚ್ಚಿ ಮೂಸಿ, ಬಾಯಿ ಬಿಡದೆ ನನಗೆ ತೋರಿಸಿದರು. ಜಾಡು ಹೊಕ್ಕದ್ದು 'ಜೆಸ್' ಎಂಬ ಪೊದೆಗಾಡಿಗೆ; ಅದರೊಳಗೆ ಮಧ್ಯಾಹ್ನವೂ ಮುಸ್ಸಂಜೆ, ಹತ್ತು ಹೆಜ್ಜೆಯಾಚೆ ಏನೂ ಕಾಣದು. ಗುರುಗಳ ಕೈಯಲ್ಲಿ .458 ಬೋಲ್ಟ್, ನನ್ನ ಕೈಯಲ್ಲಿ ಡಬಲ್.

ಕೋಣ ತನ್ನ ಜಾಡಿನ ಪಕ್ಕಕ್ಕೇ ತಿರುಗಿ ನಿಂತಿತ್ತು. ಸದ್ದು ಮೊದಲು ಬಂತು, ಆಮೇಲೆ ಮೂತಿ. ತಲೆ ಎತ್ತಿಕೊಂಡೇ ಬರುತ್ತದೆ ಅದು. ಕೊಂಬು ತಗ್ಗಿಸುವುದು ಕೊನೆಯ ಗಳಿಗೆಯಲ್ಲಿ. ಮೊದಲನೆಯದು ಎದೆಗೆ ಹೋಯಿತು, ಓಟ ನಿಲ್ಲಲಿಲ್ಲ. ರೈಫಲ್ ಭುಜದಿಂದ ಕದಲಲಿಲ್ಲ, ಕಣ್ಣು ಕದಲಲಿಲ್ಲ, ಬೆರಳು ಅರ್ಧ ಇಂಚು ಹಿಂದೆ ಜಾರಿತು. ಎರಡನೆಯದು ಭುಜದ ಮೂಳೆ ಮುರಿದು ಅದನ್ನು ಆರು ಹೆಜ್ಜೆಯಲ್ಲಿ ಮಂಡಿಯೂರಿಸಿತು. ಕೈ ಅಡ್ಡ ದಾಟಿಸುವ ನನ್ನ ಹಳೆಯ ಬೋಲ್ಟಿನಲ್ಲಿ ಆ ಎರಡನೆಯ ಈಡು ಇರುತ್ತಿರಲಿಲ್ಲ. ಡಬಲಿಗೆ ಕೊಟ್ಟ ದುಡ್ಡೆಲ್ಲ ಆ ಅರ್ಧ ಇಂಚಿನಲ್ಲಿ ವಸೂಲಾಯಿತು.

ಆದರೆ ಕೋಣ ಏಳತೊಡಗಿತು. ನಾನು ರೈಫಲನ್ನು ಕೀಲಿನಲ್ಲಿ ಬಾಗಿಸಿ ತೆರೆದೆ. ಎಡಗೈಗೆ ಬಂದ ಎರಡು ತೋಟಾದಲ್ಲಿ ಒಂದು ಒಳಗೆ ಹೋಯಿತು, ಇನ್ನೊಂದು ಬೆವರಿಗೆ ಜಾರಿ ಧೂಳಿಗೆ ಬಿತ್ತು. ಮೂರ್ಖನ ಹಾಗೆ ಬಗ್ಗಿ ನೋಡಿದೆ! ತಲೆಯ ಮೇಲೆ ಗುರುಗಳ .458 ಸಿಡಿಯಿತು. ಬೋಲ್ಟ್ ಎಳೆದ ಸದ್ದು, ಮತ್ತೊಂದು ಈಡು. ನಾನು ತಲೆ ಎತ್ತಿದಾಗ ಕೋಣ ಪಕ್ಕಕ್ಕೆ ಒರಗಿತ್ತು, ಅವರ ಮ್ಯಾಗಜೀನಿನಲ್ಲಿ ಇನ್ನೂ ತೋಟಾ ಉಳಿದಿತ್ತು. "ನಿನ್ನ ಎರಡು ಚೆನ್ನಾಗಿದ್ದವು," ಎಂದರು. ಮೂರನೆಯದರ ಬಗ್ಗೆ ಏನೂ ಹೇಳಲಿಲ್ಲ.

ಆಮೇಲೆ ಎರಡು ಕೆಲಸ ಮಾಡಿದೆ. ಒಂದು, ದಿನಾ ಸಂಜೆ ಮದ್ದಿಲ್ಲದ ತೋಟಾ ಬೆರಳ ಸಂದಿಯಲ್ಲಿ ಹಿಡಿದು, ತೆರೆ, ಕೊಡವು, ಎರಡನ್ನೂ ಒಟ್ಟಿಗೆ ಇಳಿಸು, ಮುಚ್ಚು ಎಂದು ಐವತ್ತು ಸಲ, ಕಣ್ಣು ಮುಂದೆಯೇ ನೆಟ್ಟು. ಮೊದಲು ಎಂಟು ಸೆಕೆಂಡು ಬೇಕಾಗುತ್ತಿತ್ತು, ಈಗ ನಾಲ್ಕು. ಕಡಿಮೆಯೇನಲ್ಲ, ಸಾಕಾಗುವಷ್ಟೂ ಅಲ್ಲ. ಎರಡು, ಎಡಗೈ ಬೋಲ್ಟಿನ .416 ಒಂದನ್ನು ಹುಡುಕಿ ಕೊಂಡೆ. ಡಬಲ್ ಹುಚ್ಚಿನಲ್ಲಿ ಎಡಚರ ಬೋಲ್ಟ್ ಇರುತ್ತದೆಂಬುದೇ ತಲೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಈಗ ದಿನಕ್ಕೆ ಹದಿನೈದು ಕಿಲೋಮೀಟರ್ ನಡೆಯುವಾಗ ಹೆಗಲ ಮೇಲಿರುವುದು ಆ .416. ಐದು ಕಿಲೋ ತೂಗುವ ಡಬಲ್ ಜೀಪಿನಲ್ಲಿರುತ್ತದೆ. ಗಾಯಗೊಂಡದ್ದನ್ನು ಜೆಸ್ ಒಳಗೆ ಹುಡುಕಿ ಹೋಗುವಾಗ, ಅದೂ ಪಕ್ಕದಲ್ಲಿ ಬೋಲ್ಟ್ ಹಿಡಿದ ಇನ್ನೊಬ್ಬರಿದ್ದರೆ ಮಾತ್ರ, ಅದನ್ನು ಎತ್ತಿಕೊಳ್ಳುತ್ತೇನೆ. ಒಬ್ಬನೇ ಆದರೆ ಬೋಲ್ಟೇ. ಜಿಮ್ ಕಾರ್ಬೆಟ್ ಬಳಿಯೂ ಎರಡೂ ಇದ್ದವು, ರಿಗ್ಬಿಯ .275 ಬೋಲ್ಟ್ ಮತ್ತು ಜೆಫ್ರಿಯ .450/400 ಡಬಲ್. ಕೆನೆತ್ ಆಂಡರ್ಸನ್ ಇವೆರಡರ ಗೊಡವೆ ಬಿಟ್ಟು ಲಿವರ್ ಎಳೆಯುವ .405 ವಿಂಚೆಸ್ಟರನ್ನೇ ನೆಚ್ಚಿದ್ದರು. ಕೈಗೆ ಒಗ್ಗಿದ್ದು ಒಗ್ಗಿತು.

ಬರುವ ಕ್ಲೈಂಟುಗಳಿಗೆ ಮಾತ್ರ ನಾನು ಎರಡು ಮಾತು ಆಡುವುದಿಲ್ಲ: .375 ಅಥವಾ .416 ಬೋಲ್ಟ್, ಕಡಿಮೆ ವರ್ಧನೆಯ ದೂರದರ್ಶಕ, ಮೊದಲು ಮೆತ್ತನೆ ತುದಿಯ ಗುಂಡು, ಆಮೇಲೆ ಗಟ್ಟಿ ಗುಂಡು. ಅರವತ್ತು ಮೀಟರಿನ ಮೊದಲ ಈಡು ನಿಖರವಾಗಿರಬೇಕು, ಡಬಲಿನ ತೆರೆದ ಗುರಿಕಂಡಿಯಲ್ಲಿ ಐವತ್ತು ದಾಟಿದ ಕಣ್ಣಿಗೆ ಅದು ಕಷ್ಟ. ಕೇಳುವವರು ಕಡಿಮೆ. ನಾಳೆ ಬರುವವರು ಹೊಚ್ಚಹೊಸ .500 ಡಬಲ್ ತರುತ್ತಿದ್ದಾರಂತೆ, ಇನ್ನೂ ಒಂದು ಈಡೂ ಹೊಡೆದಿಲ್ಲವಂತೆ. ಪೆಟ್ಟಿಗೆಯೊಳಗಿನ ಕಾಗದ ಎಸೆಯದೆ ಜೊತೆಗೆ ತನ್ನಿ ಎಂದು ತಿಳಿಸಿದ್ದೇನೆ.