ಏಸಿ ಇಲ್ಲದೆ ರಾಯಚೂರಿನ ಬೇಸಿಗೆಯಲ್ಲಿ ನಾಲ್ಕು ಹಾರ್ಡ್ ಡಿಸ್ಕ್

"ಏಸಿ ಹಾಕಿಸದೆ ಡಿಸ್ಕ್ ತಣ್ಣಗಿರಲ್ಲ" ಅಂದವರು ಒಬ್ಬಿಬ್ಬರಲ್ಲ. ಸರ್ವಿಸ್ ಹುಡುಗ, ಕಂಪ್ಯೂಟರ್ ಮಾರಿದವನು, ಪಕ್ಕದ ಸ್ಟುಡಿಯೋದವರು, ಕೊನೆಗೆ ನನ್ನ ಭಾವಮೈದುನ ಕೂಡ. ಬೇಸಿಗೆಗಳು ಕಳೆದವು, ಏಸಿ ಇನ್ನೂ ಬಂದಿಲ್ಲ. ಮೇ ತಿಂಗಳ ಮಧ್ಯಾಹ್ನ ಕೋಣೆ 39–40 ಡಿಗ್ರಿ ಇದ್ದರೂ ನನ್ನ ನಾಲ್ಕು ಡಿಸ್ಕ್ 46–47 ದಾಟುತ್ತಿಲ್ಲ. ಮೊದಲು ಇದೇ ಹೊತ್ತಿಗೆ 58 ತೋರಿಸುತ್ತಿತ್ತು. ಈಗ ಬರೆಯಬಹುದು ಅಲ್ವಾ?

ನನ್ನದು ಮದುವೆ ಫೋಟೋ, ವಿಡಿಯೋ ಕೆಲಸ. ಸ್ಟುಡಿಯೋ ಮೇಲೆ ತಗಡಿನ ಶೀಟು. ಸೀಸನ್‌ನಲ್ಲಿ ರಾತ್ರಿಯೆಲ್ಲಾ ಕಾರ್ಡ್ ಕಾಪಿ, ಹಗಲೆಲ್ಲಾ ಎಡಿಟಿಂಗ್. ಡಿಸ್ಕ್‌ಗಳೆಲ್ಲಾ 3.5 ಇಂಚಿನ, ನಿಮಿಷಕ್ಕೆ 7200 ಸುತ್ತು (ಆರ್‌ಪಿಎಂ) ತಿರುಗುವ ಮಾಲು. 60 ಡಿಗ್ರಿವರೆಗೆ ನಡೆಯುತ್ತದೆ ಅಂತ ಕಂಪನಿಯವರೇನೋ ಬರೆದಿರುತ್ತಾರೆ. ಆದರೆ ಒಂದು ಏಪ್ರಿಲ್‌ನಲ್ಲಿ ನನ್ನ 4 ಟಿಬಿ ಡಿಸ್ಕಿನಲ್ಲಿ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ಏರತೊಡಗಿತು. ವಾರದೊಳಗೆ ಡಿಸ್ಕ್ ಮಲಗಿತು. ಡಿಸ್ಕಿನ ಬೆಲೆ ಆಗ ಎಂಟು ಸಾವಿರದ ಆಸುಪಾಸು. ಒಳಗಿದ್ದ ಆರತಕ್ಷತೆ ವಿಡಿಯೋ ತೆಗೆಸಲು ಬಿದ್ದದ್ದು ಇಪ್ಪತ್ತು ಸಾವಿರಕ್ಕೂ ಮೇಲೆ.

ಓದಿಕೊಂಡ ಗೆಳೆಯರೊಬ್ಬರು, "ಬಿಸಿಗೆ ಡಿಸ್ಕ್ ಸಾಯಲ್ಲ ರೀ, 2007ರಲ್ಲೇ ಗೂಗಲ್‌ನವರು ಲಕ್ಷಕ್ಕೂ ಜಾಸ್ತಿ ಡಿಸ್ಕ್ ನೋಡಿ ಹೇಳಿದಾರೆ" ಅಂದರು. ಸರಿ. ಆದರೆ ಮೂರು ವರ್ಷ ದಾಟಿದ ಡಿಸ್ಕ್‌ಗೆ ಬಿಸಿ ತಾಗುತ್ತದೆ ಅಂತಲೂ ಅದೇ ವರದಿಯಲ್ಲಿದೆ. ನನ್ನವೆಲ್ಲಾ ಹಳೆಯವೇ. ಅವರ ಡಿಸ್ಕ್ ಇದ್ದದ್ದು ಡೇಟಾ ಸೆಂಟರ್‌ನಲ್ಲಿ, ತಗಡಿನ ಶೀಟಿನ ಕೆಳಗಲ್ಲ.

ಮೊದಲು ಎಲ್ಲರೂ ಮಾಡುವಂತೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟೆ. ಇಳಿದದ್ದು ಎರಡೇ ಡಿಗ್ರಿ. ಮುಂದಿನ ಫ್ಯಾನಿನ ಗಾಳಿ ಡಿಸ್ಕ್ ಮುಟ್ಟುವ ಮೊದಲೇ ಪಕ್ಕಕ್ಕೆ ಸೋರಿಹೋಗುತ್ತದೆ. ಜೊತೆಗೆ ಧೂಳು ಬೇರೆ. ನಮ್ಮ ಓಣಿಯ ಹಿಂದೆಯೇ ಹತ್ತಿ ಜಿನ್ನಿಂಗ್ ಇದೆ. ತಿಂಗಳಲ್ಲಿ ಬೋರ್ಡ್ ಮೇಲೆಲ್ಲಾ ಅರಳೆ ಕೂತಿತ್ತು.

ಆಮೇಲೆ ನೀರಿನ ಕೂಲರ್. ಆರೇಳು ಡಿಗ್ರಿ ಇಳಿಯಿತು, ಖುಷಿಯಾಯಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಡಿಸ್ಕಿನ ಸಾಟಾ ಕೇಬಲ್ (ಡೇಟಾ ಸಾಗಿಸುವ ವೈರ್) ಬಿಚ್ಚಿ ನೋಡಿದರೆ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು. ಕೂಲರ್ ಮನೆಗೆ ಹೋಯಿತು, ಮನೆಯವರಿಗೆ ಅನುಕೂಲವಾಯಿತು. ಕರೆಂಟ್ ಕೊಟ್ಟರೆ ತಣ್ಣಗಾಗುವ ಪೆಲ್ಟಿಯರ್ ಪ್ಲೇಟ್ ಕೂಡ ತರಿಸಿದ್ದೆ. ಒಂದು ಬದಿ ತಣ್ಣಗಾಗಿ ನೀರು ಹನಿಯಿತು, ಇನ್ನೊಂದು ಬದಿ ಬೆರಳು ಸುಟ್ಟಿತು. ಆರುನೂರು ರೂಪಾಯಿ ನೀರಲ್ಲಿ ಹೋಮ.

ಕೊನೆಗೆ ಹಿಡಿದದ್ದು ಇದು. ಒಂದೊಂದು ಡಿಸ್ಕ್ ತಿನ್ನುವುದು ಏಳೆಂಟು ವಾಟ್, ಅಷ್ಟೇ. ಅದಕ್ಕೆ ತಂಪು ಗಾಳಿ ಬೇಡ, ನಿಲ್ಲದ ಗಾಳಿ ಸಾಕು. ನಾಲ್ಕನ್ನೂ ಕ್ಯಾಬಿನೆಟ್‌ನಿಂದ ಹೊರಗೆ ತಂದೆ. ಫ್ಯಾಬ್ರಿಕೇಶನ್ ಅಂಗಡಿಯಿಂದ ಅಲ್ಯೂಮಿನಿಯಂ ಆಂಗಲ್ ಚೂರು ತಂದು, ಡಿಸ್ಕ್‌ಗಳನ್ನು ನೆಟ್ಟಗೆ ನಿಲ್ಲಿಸಿ ಪಕ್ಕದ ಸ್ಕ್ರೂ ತೂತುಗಳಿಗೆ ಬಿಗಿದೆ. ನಡುವೆ ಬೆರಳು ತೂರುವಷ್ಟು ಸಂದು. ಹಸಿರು ಬೋರ್ಡಿನ ಕಡೆ ಜಾಗ ಜಾಸ್ತಿ ಬಿಡಿ, ಚಿಪ್ ಬಿಸಿಯಾಗುವುದು ಅಲ್ಲೇ. "ಮುಚ್ಚಬೇಡಿ" ಅಂತ ಡಿಸ್ಕಿನ ಮೇಲೇ ಬರೆದಿರುವ ಸಣ್ಣ ತೂತಿಗೆ ಆಂಗಲ್ ಅಡ್ಡ ಬರಬಾರದು.

ಅಲುಗಾಟ ತಡೆಯಲು ಎಲ್ಲರೂ ಡಿಸ್ಕಿಗೇ ರಬ್ಬರ್ ಹಾಕುತ್ತಾರೆ. ಹಾಕಿದರೆ ಬಿಸಿ ಆಂಗಲ್‌ಗೆ ಇಳಿಯುವುದಿಲ್ಲ. ನಾನು ಸೈಕಲ್ ಟ್ಯೂಬಿನ ತುಂಡನ್ನು ಇಡೀ ಸ್ಟ್ಯಾಂಡಿನ ಕಾಲಿಗೆ ಹಾಕಿದೆ. ಡಿಸ್ಕ್‌ಗೆ ಲೋಹವೇ ತಾಗಿರುತ್ತದೆ.

ಮುಂದೆ ಒಂದೇ 120 ಎಂಎಂ ಫ್ಯಾನ್. ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) 12 ವೋಲ್ಟಿನ ಹಳದಿ ವೈರಿಗೆ ಪ್ಲಸ್, 5 ವೋಲ್ಟಿನ ಕೆಂಪಿಗೆ ಮೈನಸ್. 12ರಲ್ಲಿ 5 ಕಳೆದರೆ 7 ವೋಲ್ಟ್. ಸದ್ದೇ ಇಲ್ಲ. 12 ವೋಲ್ಟಿಗೆ ಹಾಕಿದರೆ ಇನ್ನೊಂದೇ ಡಿಗ್ರಿ ಇಳಿಯುತ್ತದೆ, ಡಬ್ಬಿಂಗ್ ಮಾಡುವಾಗ ಮೈಕಿಗೆ ಗುಂಯ್ ಬರುತ್ತದೆ. ಫ್ಯಾನಿನ ಮುಂದೆ ತೆಳು ಸ್ಪಂಜು. ಚಳಿಗಾಲದಲ್ಲಿ, ಹತ್ತಿ ಬರುವ ಹೊತ್ತಿಗೆ, ವಾರಕ್ಕೊಮ್ಮೆ ತೊಳೆಯಬೇಕು.

ಸ್ಟ್ಯಾಂಡಿನ ಮೇಲೆ, ಹಿಂದೆ ಒಂದು ರಟ್ಟಿನ ಗೂಡು ಕೂರಿಸಿದ್ದೇನೆ. ಕೊನೆಯ ಮೂರ್ನಾಲ್ಕು ಡಿಗ್ರಿ ಇಳಿಸಿದ್ದು ಅದೇ. ಅದರ ಅಳತೆ, ಓರೆ ಇಲ್ಲಿ ಹೇಳುವುದಿಲ್ಲ. ಊರಿನ ಎರಡು ಸ್ಟುಡಿಯೋಗೆ ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸಿದ್ದೇನೆ, ಹೊಟ್ಟೆಗೆ ಹೊಡೆಯಬೇಡಿ! ನನಗೆ ಒಟ್ಟು ಬಿದ್ದ ಖರ್ಚು ಒಂಬೈನೂರರಿಂದ ಸಾವಿರ. ಏಸಿಗೆ ಕೇಳಿದ್ದು ಮೂವತ್ತೈದು ಸಾವಿರ, ಕರೆಂಟ್ ಬಿಲ್ ಬೇರೆ.

ಡಿಸ್ಕ್‌ಗೆ ಕೆಲಸ ಇಲ್ಲದಾಗ ತಿರುಗುವುದು ನಿಲ್ಲುವಂತೆ ಸೆಟ್ಟಿಂಗ್ ಮಾಡಿಯೂ ನೋಡಿದೆ. ಬಿಸಿ ಇಳಿಯಿತು, ಆದರೆ ಸ್ಟಾರ್ಟ್–ಸ್ಟಾಪ್ ಲೆಕ್ಕ (ಡಿಸ್ಕ್ ನಿಂತು ಮತ್ತೆ ಹೊರಟ ಸಲ) ಸುಮ್ನೆ ಏರತೊಡಗಿತು, ಅದೂ ಸವೆತವೇ. ತೆಗೆದೆ.

ಈಗ ಪಕ್ಕದ ಮೆಡಿಕಲ್ ಅಂಗಡಿಯ ಸಿಸಿಟಿವಿ ಡಿವಿಆರ್ (ವಿಡಿಯೋ ರೆಕಾರ್ಡರ್) ಕೈಗೆತ್ತಿಕೊಂಡಿದ್ದೇನೆ. ಅದನ್ನು ಅಟ್ಟದ ಮೇಲೆ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು, ಡಿಸ್ಕ್ 60 ದಾಟಿತ್ತು. ಕೆಳಗೆ, ಮೇಲೆ ತೂತು ಕೊರೆದು 80 ಎಂಎಂ ಫ್ಯಾನ್ ಹಾಕಿದ ಮೇಲೆ 50ರ ಸುತ್ತ ನಿಂತಿದೆ. ಮಾಲೀಕರಿಗೆ ಸದ್ದು ಬೇಡವಂತೆ, ಅದಕ್ಕೆ 5 ವೋಲ್ಟಿಗೆ ಇಳಿಸಿದೆ. ಈ ಫ್ಯಾನ್ ಅಷ್ಟಕ್ಕೆ ತಾನಾಗಿ ತಿರುಗುವುದಿಲ್ಲ, ಬೆರಳಲ್ಲಿ ತಳ್ಳಬೇಕು. ಕರೆಂಟ್ ಹೋಗಿ ಬಂದರೆ ನಿಂತೇ ಇರುತ್ತದೆ. ಬೇರೆ ಫ್ಯಾನಿಗೆ ಹೇಳಿದ್ದೇನೆ, ಸೋಮವಾರ ಬರಬಹುದು.