ಪರೀಕ್ಷೆಯ ದಿನಗಳಲ್ಲಿ ಮಕ್ಕಳ ನಿದ್ರೆಯ ಬಗ್ಗೆ ಒಂದು ಸಲಹೆ

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳಿರುವ ಮನೆಯವರು ದಯವಿಟ್ಟು ಮೊದಲು ನಿದ್ರೆಯ ಕಡೆ ಗಮನ ಕೊಡಬೇಕೆಂದು ವಿನಂತಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ರೆಯಲ್ಲಿಯೇ ಆದ್ದರಿಂದ, ರಾತ್ರಿ ಎರಡರವರೆಗೆ ಓದಿಸಿ ನಸುಕಿನಲ್ಲಿ ಮತ್ತೆ ಎಬ್ಬಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ನಮ್ಮ ಉಡುಪಿಯಲ್ಲಿ ಮಾರ್ಚ್ ತಿಂಗಳ ಸೆಕೆಗೆ ಮಧ್ಯಾಹ್ನದ ಓದು ಹೇಗೂ ಮುಂದೆ ಸಾಗುವುದಿಲ್ಲ, ಹಾಗಾಗಿ ಕಠಿಣ ವಿಷಯಗಳನ್ನು ಬೆಳಗಿನ ತಂಪಿಗೆ ಇಟ್ಟುಕೊಂಡು, ಸಂಜೆ ಅರ್ಧ ಗಂಟೆ ಆಟಕ್ಕೋ ನಡಿಗೆಗೋ ಬಿಡುವುದು ಒಳ್ಳೆಯದು. ಊಟಕ್ಕೆ ಗಂಜಿ, ಚಟ್ನಿ ಸಾಕು. ಬಾಯಾರಿಕೆಗೆ ಪುನರ್ಪುಳಿ (ಕೋಕಂ) ಶರಬತ್ತು ಕೊಡಿ.

ಪರೀಕ್ಷೆ ಬರೆದು ಬಂದ ಮಗುವಿನ ಮುಂದೆ ಪ್ರಶ್ನೆಪತ್ರಿಕೆ ಹರಡಿ ಅಂಕ ಲೆಕ್ಕ ಹಾಕಬೇಡಿ. ಮೊದಲ ಪರೀಕ್ಷೆ ಕೈಕೊಟ್ಟರೂ ಅದೇ ವರ್ಷ ಮತ್ತೊಮ್ಮೆ ಬರೆಯಲು ಅವಕಾಶವಿದೆ ಎಂಬುದನ್ನು ಈಗಲೇ ತಿಳಿಸಿಡಿ. ಮಗು ಊಟ ಬಿಟ್ಟರೆ, ಯಾರೊಡನೆಯೂ ಮಾತನಾಡದಿದ್ದರೆ ಅಥವಾ ಬದುಕೇ ಬೇಡವೆಂಬ ಮಾತು ಆಡಿದರೆ ಫಲಿತಾಂಶಕ್ಕಾಗಿ ಕಾಯದೆ ತಕ್ಷಣ ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.