‘ಟೇಕ್ ಓವರ್’: ಯಾರಿಂದ, ಯಾವ ಬಲದಿಂದ?

ಇಂಗ್ಲಿಷ್ ಸುದ್ದಿ, ವರದಿಗಳನ್ನು ಕನ್ನಡಕ್ಕೆ ತರುವವರಿಗೆ ‘ಟೇಕ್ ಓವರ್’ ಮೇಲಿಂದ ಮೇಲೆ ಎದುರಾಗುತ್ತದೆ. ಹಿಡಿತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು ಎಂದಷ್ಟೇ ಅದು ಹೇಳುತ್ತದೆ. ಹೇಗೆ ಹೋಯಿತು ಎಂಬುದರ ಬಗ್ಗೆ ಬಾಯಿ ಬಿಡುವುದಿಲ್ಲ. ದುಡ್ಡು ಕೊಟ್ಟು ಕೊಂಡರೋ, ಕಿತ್ತುಕೊಂಡರೋ, ಸರದಿ ಬಂತೋ, ಕಾನೂನು ಕೊಟ್ಟಿತೋ? ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ. ಹಾಗಾಗಿ ಸಮಾನಾರ್ಥಕ ಪದಗಳ ಪಟ್ಟಿ ತೆರೆಯುವ ಮೊದಲು ನಾನು ವಾಕ್ಯದಲ್ಲಿ ಎರಡೇ ಸಂಗತಿ ಹುಡುಕುತ್ತೇನೆ: ಹಿಡಿತ ಮೊದಲು ಯಾರದಾಗಿತ್ತು, ಅದು ಕೈ ಬದಲಾಯಿಸಿದ್ದು ಯಾವ ಬಲದಿಂದ.

ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಅಲ್ಲಿ ‘ಟೇಕ್ ಓವರ್’ ಹೊಂದುವುದೇ ಇಲ್ಲ. ಈ ಕ್ರಿಯಾಪದಕ್ಕೆ ಹಿಂದಿನವರೊಬ್ಬರು ಬೇಕು. ಅಪಘಾತದ ಜಾಗದಲ್ಲಿ ಎಲ್ಲರೂ ದಿಕ್ಕು ತೋಚದೆ ನಿಂತಿದ್ದಾಗ ಒಬ್ಬಾಕೆ ಮುಂದೆ ಬಂದು ಎಲ್ಲರಿಗೂ ಕೆಲಸ ಹಂಚಿದರೆ ಅದು ‘ಟುಕ್ ಚಾರ್ಜ್’. ಅಲ್ಲಿ ಮೊದಲು ಯಾರೂ ಉಸ್ತುವಾರಿಯಲ್ಲಿ ಇರಲಿಲ್ಲ. ಆಂಬುಲೆನ್ಸ್ ಸಿಬ್ಬಂದಿ ಬಂದು ಆಕೆಯ ಕೈಯಿಂದ ಕೆಲಸ ತೆಗೆದುಕೊಂಡ ಮೇಲೆ ‘ಟುಕ್ ಓವರ್’. ಹೊಸ ಕೆಲಸ ಮೈಮೇಲೆ ಹಾಕಿಕೊಂಡರೆ ‘ಟೇಕ್ ಆನ್’. ಹುದ್ದೆಗೆ ಸೇರಿದರೆ, ಹವ್ಯಾಸ ಶುರುಮಾಡಿದರೆ ‘ಟೇಕ್ ಅಪ್’. ಈ ನಾಲ್ಕನ್ನು ಪರಸ್ಪರ ಬದಲಾಯಿಸಬಹುದು ಎಂದು ಕಲಿಯುವವರು ತಿಳಿಯುವುದೇ ಬಹುಪಾಲು ತಪ್ಪುಗಳ ಮೂಲ.

ಹುದ್ದೆಯ ವಿಷಯದಲ್ಲಿ ಪದಕ್ಕಿಂತ ವಿಭಕ್ತಿಯೇ ಹೆಚ್ಚು ಕೈಕೊಡುತ್ತದೆ. 2014ರ ಫೆಬ್ರವರಿಯಲ್ಲಿ ಸ್ಟೀವ್ ಬಾಲ್ಮರ್ ಬಳಿಕ ಸತ್ಯ ನಾಡೆಲ್ಲಾ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದದ್ದನ್ನು ‘ನಾಡೆಲ್ಲಾ ಟುಕ್ ಓವರ್ ಫ್ರಮ್ ಬಾಲ್ಮರ್ ಆಸ್ ಸಿಇಒ’ ಎನ್ನಬೇಕು. ‘ಫ್ರಮ್’ ಬಿಟ್ಟರೆ ನಾಡೆಲ್ಲಾ ಬಾಲ್ಮರ್ ಅವರನ್ನೇ ಸ್ವಾಧೀನಪಡಿಸಿಕೊಂಡಂತಾಗುತ್ತದೆ. ಅದೇ ‘ಸಕ್ಸೀಡ್’, ‘ರಿಪ್ಲೇಸ್’ ಬಳಸಿದರೆ ವ್ಯಕ್ತಿಯೇ ನೇರ ಕರ್ಮ: ‘ಸಕ್ಸೀಡೆಡ್ ಬಾಲ್ಮರ್ ಆಸ್ ಸಿಇಒ’. ಅಲ್ಲಿ ‘ಫ್ರಮ್’ ಸೇರಿಸಿದರೆ ತಪ್ಪು. ‘ಆಸ್’ ಆದಮೇಲೆ ಒಬ್ಬರೇ ಇರುವ ಹುದ್ದೆಯಾದರೆ ‘ದ’ (the) ಸಾಮಾನ್ಯವಾಗಿ ಬೇಡ. ‘ರಿಪ್ಲೇಸ್’ ಬಂದಾಗ ನಾನು ಇನ್ನೊಮ್ಮೆ ಓದುತ್ತೇನೆ. ಹಿಂದಿನವರನ್ನು ತೆಗೆದುಹಾಕಿದ ಛಾಯೆ ಅದಕ್ಕೆ ಅಂಟಿರಬಹುದು. ‘ರಿಲೀವ್’ ಇನ್ನೂ ಮೋಸದ್ದು. ಕಾವಲಿನವನನ್ನು ‘ರಿಲೀವ್’ ಮಾಡಿದರೆ ಅವನ ಪಾಳಿ ಮುಗಿದು ಇನ್ನೊಬ್ಬ ಬಂದ ಎಂದರ್ಥ. ‘ರಿಲೀವ್ಡ್ ಆಫ್ ಹಿಸ್ ಡ್ಯೂಟೀಸ್’ ಎಂದರೆ ಮನೆಗೆ ಕಳಿಸಿದರು ಎನ್ನುವುದರ ನಯವಾದ ರೂಪ.

ಕನ್ನಡಕ್ಕೆ ತರುವಾಗ ಇಲ್ಲಿ ‘ಅಧಿಕಾರ ವಹಿಸಿಕೊಂಡರು’ ಸಾಕು. ‘ಚುಕ್ಕಾಣಿ ಹಿಡಿದರು’ ಎನ್ನುವುದನ್ನು ಇಂಗ್ಲಿಷ್‌ನಲ್ಲಿ ‘ಟುಕ್ ದ ಹೆಲ್ಮ್’ ಇದ್ದರೆ ಮಾತ್ರ ಇಡುತ್ತೇನೆ. ‘ಅಸ್ಯೂಮ್’ ಗಂಭೀರ ಬರಹದ ಪದ; ‘ಅಸ್ಯೂಮ್ಡ್ ಆಫೀಸ್’, ‘ಅಸ್ಯೂಮ್ಡ್ ಕಂಟ್ರೋಲ್’ ಎಂದು ವರದಿಯಲ್ಲಿ ಬರೆಯಬಹುದು. ಗೆಳೆಯನ ಕೈಯಿಂದ ಸ್ಟಿಯರಿಂಗ್ ತೆಗೆದುಕೊಳ್ಳುವಾಗ ಯಾರೂ ‘ಅಸ್ಯೂಮ್’ ಎನ್ನುವುದಿಲ್ಲ, ‘ಶಲ್ ಐ ಟೇಕ್ ಓವರ್?’ ಎನ್ನುತ್ತಾರೆ. ವಿಮಾನ ಚಾಲಕರು ಮಾತ್ರ ಅದನ್ನೂ ಬಳಸುವುದಿಲ್ಲ. ಕಾಕ್‌ಪಿಟ್‌ನಲ್ಲಿ ‘ಐ ಹ್ಯಾವ್ ಕಂಟ್ರೋಲ್’, ‘ಯೂ ಹ್ಯಾವ್ ಕಂಟ್ರೋಲ್’ ಎಂಬ ಗೊತ್ತುಮಾಡಿದ ಮಾತುಗಳೇ ನಡೆಯುತ್ತವೆ, ಈಗ ವಿಮಾನ ಯಾರ ಕೈಯಲ್ಲಿದೆ ಎಂಬ ಬಗ್ಗೆ ಗೊಂದಲ ಉಳಿಯಬಾರದಲ್ಲ.

ತಾತ್ಕಾಲಿಕವಾದರೆ ‘ಸ್ಟೆಪ್ ಇನ್’, ‘ಸ್ಟ್ಯಾಂಡ್ ಇನ್ ಫಾರ್’, ‘ಫಿಲ್ ಇನ್ ಫಾರ್’. ‘ಸ್ಟೆಪ್ ಇನ್’ನಲ್ಲಿ ಏನೋ ಕೆಟ್ಟಿದೆ, ಸರಿಪಡಿಸಲು ಮಧ್ಯೆ ಬಂದರು ಎಂಬ ಅರ್ಥ ಬೆರೆತಿರಬಹುದು, ಉಳಿದೆರಡು ಬರೀ ಬದಲಿ ಆಳು.

ಕಂಪನಿಗಳ ವಿಚಾರಕ್ಕೆ ಬಂದರೆ ಎರಡನೆಯ ಪ್ರಶ್ನೆಗೇ ತೂಕ. ‘ಅಕ್ವೈರ್’ ಎಂದರೆ ಕೊಳ್ಳುವುದು. ಕಂಪನಿಯ ಶೇ 5ರಷ್ಟು ಷೇರನ್ನೂ, ಒಂದು ಕಟ್ಟಡವನ್ನೂ ‘ಅಕ್ವೈರ್’ ಮಾಡಬಹುದು. ‘ಟೇಕ್ ಓವರ್’ ಆಗಬೇಕಾದರೆ ಆಡಳಿತದ ಹಿಡಿತ ಸಿಗಲೇಬೇಕು. ಎರಡು ಕಂಪನಿಗಳು ಕೂಡಿ ಒಂದಾದರೆ ‘ಮರ್ಜರ್’, ಅಂದರೆ ವಿಲೀನ. ಗುರಿಯಾದ ಕಂಪನಿಯ ಆಡಳಿತ ಮಂಡಳಿ ಒಲ್ಲೆ ಎಂದರೂ ಬಿಡದೆ ಷೇರುದಾರರ ಬಳಿಗೇ ಹೋದರೆ ‘ಹಾಸ್ಟೈಲ್ ಟೇಕೋವರ್’. ಅಮೆರಿಕದ ಆಹಾರ ಕಂಪನಿ ಕ್ರಾಫ್ಟ್ 2009ರಲ್ಲಿ ಬ್ರಿಟನ್ನಿನ ಚಾಕೊಲೇಟ್ ಕಂಪನಿ ಕ್ಯಾಡ್‌ಬರಿಗೆ ಕೈ ಹಾಕಿದ್ದು ಹಾಗೆಯೇ. ಕೊನೆಗೆ 2010ರ ಜನವರಿಯಲ್ಲಿ ಬೆಲೆ ಏರಿಸಿದ ಮೇಲೆ ಮಂಡಳಿ ಒಪ್ಪಿತು. ಆ ಹಂತದಿಂದ ಮುಂದೆ ಅದನ್ನು ‘ಬಲವಂತದ ಸ್ವಾಧೀನ’ ಎಂದು ಬರೆದರೆ ತಪ್ಪಾಗುತ್ತದೆ. ನಮ್ಮ ತಲೆಬರಹಗಳ ಪ್ರೀತಿಯ ‘ತೆಕ್ಕೆಗೆ’ ಚಿಕ್ಕದು, ಚೊಕ್ಕದು ನಿಜ. ಆದರೆ ತೆಕ್ಕೆ ಎಂದರೆ ಅಪ್ಪುಗೆ. ಜಗಳದಲ್ಲಿ ಕೈ ಬದಲಾದ ಕಂಪನಿಗೆ ಅದು ನನಗೆ ಒಗ್ಗದು. ‘ವಶಕ್ಕೆ’ ಎಂದರೆ ಪೊಲೀಸರು ಹಿಡಿದಂತೆ. ಬೇರೇನೂ ಖಚಿತವಿಲ್ಲದಿದ್ದರೆ ‘ಸ್ವಾಧೀನ’ವೇ ಕ್ಷೇಮ.

ಬಲಪ್ರಯೋಗವಿದ್ದರೆ ‘ಸೀಜ್’: ವಶಪಡಿಸಿಕೊಳ್ಳುವುದು. ಹಕ್ಕಿಲ್ಲದವನು ಸಿಂಹಾಸನ, ಅಧಿಕಾರ ಕಬಳಿಸಿದರೆ ‘ಯುಸರ್ಪ್’. ಇನ್ನೊಬ್ಬರ ನೆಲವನ್ನು ತನ್ನ ನಾಡಿಗೆ ಸೇರಿಸಿಕೊಂಡರೆ ‘ಅನೆಕ್ಸ್’. ಸೇನೆಯೋ ಸರ್ಕಾರವೋ ತುರ್ತಿಗೆಂದು ಜನರ ವಾಹನ, ಕಟ್ಟಡ ತೆಗೆದುಕೊಂಡರೆ ‘ಕಮಾಂಡಿಯರ್’. ಕಾನೂನಿನ ಮೂಲಕ ಕೈ ಬದಲಾದದ್ದಕ್ಕೆ ಇವ್ಯಾವುವೂ ಸಲ್ಲವು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯಿಂದ ಬ್ರಿಟಿಷ್ ರಾಜಸತ್ತೆ ಭಾರತದ ಆಳ್ವಿಕೆ ಪಡೆದದ್ದು ಸಂಸತ್ತಿನ ಕಾಯ್ದೆಯಿಂದ. ಅಲ್ಲಿ ‘ಟುಕ್ ಓವರ್ ಫ್ರಮ್ ದ ಕಂಪನಿ’ ಸರಿ, ‘ಸೀಜ್ಡ್’ ಸಲ್ಲದು. ಆ ಕಂಪನಿ ಅದಕ್ಕೂ ಮೊದಲು ಒಂದೊಂದೇ ಸಂಸ್ಥಾನ ನುಂಗಿದ್ದಕ್ಕೆ ‘ಅನೆಕ್ಸ್’ ಚೆನ್ನಾಗಿ ಹೊಂದುತ್ತದೆ.

ಕರ್ತೃ ಮನುಷ್ಯನಲ್ಲದಿದ್ದರೆ ಈ ಪಟ್ಟಿಯನ್ನೆಲ್ಲ ಮಡಚಿಡುವುದೇ ಸರಿ. ‘ಪ್ಯಾನಿಕ್ ಟುಕ್ ಓವರ್’ ಎಂದರೆ ದಿಗಿಲು ಆವರಿಸಿತು. ‘ವೀಡ್ಸ್ ಹ್ಯಾವ್ ಟೇಕನ್ ಓವರ್ ದ ಗಾರ್ಡನ್’ ಎಂದರೆ ತೋಟದ ತುಂಬ ಕಳೆ. ‘ಇಮೇಲ್ ಟುಕ್ ಓವರ್ ಫ್ರಮ್ ಲೆಟರ್ಸ್’ ಎಂದರೆ ಕಾಗದದ ಜಾಗಕ್ಕೆ ಇಮೇಲ್ ಬಂತು. ಇಲ್ಲೆಲ್ಲ ‘ಅಧಿಕಾರ’, ‘ನಿಯಂತ್ರಣ’ ತುರುಕಿದರೆ ಅನುವಾದದ ವಾಸನೆ ಮೂಗಿಗೆ ಬಡಿಯುತ್ತದೆ.

ಇಂಗ್ಲಿಷ್‌ನಲ್ಲೇ ಬರೆಯುವಾಗ ಪದಗಳ ಕ್ರಮ ನೋಡಿಕೊಳ್ಳಬೇಕು. ‘ಟೇಕ್ ಓವರ್ ದ ಕಂಪನಿ’, ‘ಟೇಕ್ ದ ಕಂಪನಿ ಓವರ್’ ಎರಡೂ ನಡೆಯುತ್ತವೆ. ಸರ್ವನಾಮವಾದರೆ ಅದು ನಡುವೆಯೇ ಕೂರಬೇಕು: ‘ಟೇಕ್ ಇಟ್ ಓವರ್’. ‘ಟೇಕ್ ಓವರ್ ಇಟ್’ ಇಲ್ಲವೇ ಇಲ್ಲ. ಕರ್ಮ ಉದ್ದವಾಗಿದ್ದರೆ ಒಡೆಯಬಾರದು. ‘ಟೇಕ್’ ಒಂದು ದಡದಲ್ಲಿ, ‘ಓವರ್’ ಇನ್ನೊಂದು ದಡದಲ್ಲಿ ಉಳಿದು ಓದುಗನಿಗೆ ಕೊಂಡಿ ತಪ್ಪುತ್ತದೆ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಕರ್ಮದ ಗುರುತು (sth, ಅಂದರೆ ‘ಸಮ್‌ಥಿಂಗ್’) ‘ಟೇಕ್’ ಮತ್ತು ‘ಓವರ್’ ನಡುವೆ ಬಂದಿದ್ದರೆ ಒಡೆಯಬಹುದು ಎಂದರ್ಥ, ಅರ್ಥವಿವರಣೆ ಓದುವ ಮೊದಲೇ ಅದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ‘ಓವರ್‌ಟೇಕ್’ ಬೇರೆಯೇ ಪದ: ಹಿಂದಿಕ್ಕುವುದು. ಮಾರಾಟದಲ್ಲಿ ಒಂದು ಕಂಪನಿ ಇನ್ನೊಂದನ್ನು ‘ಓವರ್‌ಟೇಕ್’ ಮಾಡಿದರೆ ಯಾರೂ ಯಾರನ್ನೂ ಕೊಂಡಿಲ್ಲ. ಇನ್ನು ನಾಮಪದವಾದಾಗ ‘ಟೇಕೋವರ್’ ಒಂದೇ ಪದ, ಒತ್ತು ‘ಟೇಕ್’ ಮೇಲೆ. ಕ್ರಿಯಾಪದವಾದಾಗ ಎರಡು ಪದ, ಒತ್ತು ‘ಓವರ್’ ಕಡೆಗೆ ಜರುಗುತ್ತದೆ.